ಒದ್ದೆ ಬಟ್ಟೆ

ಪಾತ್ರೆ ತೊಳೆಯುತ್ತ ತಾನು ಯಾವುದೋ ಹಾಡು ಗುನುಗುತ್ತಿದ್ದೇನೆ ಎಂಬುದು ಗಂಡ ಹೇಳುವ ತನಕ ಅವಳಿಗೆ ಗೊತ್ತೇ ಇರಲಿಲ್ಲ. "ಏನಿದು, ಬೆಳಬೆಳಗ್ಗೆ ಭಾರಿ ಖುಷಿ!" ಎಂದು ಅವನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತು ನಕ್ಕ. ಸ್ಕೂಲಿನಲ್ಲಿ ಆಟದ ಮೇಷ್ಟ್ರು ಅವನು. ಯಾರಿಗೆ ನಿಜವಾಗಿ ಕಾಲು ಉಳುಕಿದೆ, ಯಾರು ನೆಪ ಹೇಳುತ್ತಿದ್ದಾರೆ ಎಂದು ಮುಖ ನೋಡಿಯೇ ಹೇಳಬಲ್ಲೆ ಎಂಬ ಜಂಬ ಬೇರೆ. ಅವಳು ನಲ್ಲಿ ನಿಲ್ಲಿಸಿದಳು. "ಖುಷಿನೂ ಇಲ್ಲ, ಏನೂ ಇಲ್ಲ" ಎಂದಳು. ಅವನು ಬಾಯಿ ಮುಕ್ಕಳಿಸಲು ಹೋದ. ಅವಳ ಕೈಯಲ್ಲಿ ಲೋಟ ಹಾಗೇ ಉಳಿಯಿತು. ಅವನು ಹೇಳಿದ್ದು ನಿಜ. ಎದೆಯೊಳಗೆ ಏನೋ ಕುಣಿಯುತ್ತಿತ್ತು, ಅದಕ್ಕೆ ಮರ್ಯಾದೆಯ ಹೆಸರೊಂದು ಹುಡುಕೋಣವೆಂದರೆ ಖುಷಿ ಎಂಬುದನ್ನು ಬಿಟ್ಟು ಬೇರೆ ಸಿಗಲಿಲ್ಲ. ಇವತ್ತು ಮಧ್ಯಾಹ್ನ ಸಂಸ್ಥೆಯಲ್ಲಿ, ಅವಳಿಗೆ ಭೌತಶಾಸ್ತ್ರ ಕಲಿಸಿದ ಮೇಡಂ ಎಲ್ಲರೆದುರು ನಿಂತು, ಜೀವಮಾನವೆಲ್ಲ ಹೇಳಿಕೊಂಡು ಬಂದ ಮಾತನ್ನು ಕೊನೆಯ ಸಲ ಹೇಳಿ ನಿವೃತ್ತರಾಗುವವರಿದ್ದರು. ಆ ಮಾತು ತಪ್ಪೆಂದು ಸದ್ಯಕ್ಕೆ ಗೊತ್ತಿರುವುದು ತನ್ನೊಬ್ಬಳಿಗೆ. ಗೊತ್ತಾಗಿ ಇನ್ನೂ ಕಾಫಿ ಕೂಡ ಕುಡಿದಿಲ್ಲ, ಆಗಲೇ ಹಾಡು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಗೂ ಗಂಡನ ಸೀಟಿಗೂ ನಡುವೆ, ಲ್ಯಾಪ್‌ಟಾಪ್ ತೆರೆದೇ ಇತ್ತು. ಪರದೆಯ ಮೇಲೊಂದು ಗೆರೆ, ಅಲೆಯೊಂದರ ಎತ್ತರದ ಲೆಕ್ಕ. ಇಷ್ಟು ವರ್ಷ ಆ ಗೆರೆ ಎಡದಿಂದ ಬಲಕ್ಕೆ ಬರುತ್ತ ಬರುತ್ತ ಇಳಿಯುತ್ತಿತ್ತು, ಇಳಿದು ಮಲಗುತ್ತಿತ್ತು. ಇವತ್ತು ಏರಿದೆ. ಮೊದಮೊದಲು ಅನುಮಾನದಿಂದ, ಆಮೇಲೆ ಮುಲಾಜಿಲ್ಲದೆ.

ಮೇಡಂ ನಂಬಿಕೊಂಡು ಬಂದದ್ದು ಇಷ್ಟು: ಎಲ್ಲರೂ ಕಪ್ಪುಕುಳಿ ಎಂದು ಕರೆಯುವುದು ನಿಜವಾಗಿ ಕುಳಿಯೇ ಅಲ್ಲ. ಬಿದ್ದದ್ದನ್ನೆಲ್ಲ ಒಳಗೆಳೆದುಕೊಂಡು ಬಾಗಿಲು ಹಾಕಿಕೊಳ್ಳುವ ಕುಳಿ ಎಂಬುದಿಲ್ಲ. ಇರುವುದು ಹೆಚ್ಚುಕಡಿಮೆ ಅಷ್ಟೇ ಒತ್ತಾಗಿ ಅಡಕವಾದ, ಆದರೆ ಆ ಬಾಗಿಲಿಲ್ಲದ, ಗಟ್ಟಿ ಮೈಯ ಒಂದು ಕಾಯ. ಅಲ್ಲಿಗೆ ಹೋದ ಅಲೆ ಮೈಗೆ ತಾಗಿ ಪೂರ್ತಿ ಹಿಂದಕ್ಕೆ ಬರುತ್ತದೆ. ಇಂಥ ಕಾಯ ಸುಮ್ಮನೆ ಕೂತಿದ್ದರೆ ತಕರಾರಿಲ್ಲ, ಆದರೆ ಆಕಾಶದಲ್ಲಿ ಸುಮ್ಮನೆ ಕೂತದ್ದು ಯಾವುದಿದೆ? ಅದು ಬಿರುಸಾಗಿ ತಿರುಗುತ್ತದೆ, ತಿರುಗುವಾಗ ಸುತ್ತಲ ಜಾಗವನ್ನೇ ತನ್ನ ಜೊತೆ ಎಳೆದುಕೊಳ್ಳುತ್ತದೆ. ಕೆಳಗೆ ಗಟ್ಟಿ ಮೈ, ಮೇಲೆ ಬೆಳಕು ಕೂಡ ಸುತ್ತು ಹಾಕುತ್ತ ನಿಲ್ಲುವ ಒಂದು ಎಲ್ಲೆ. ಇವೆರಡರ ನಡುವೆ ಸಿಕ್ಕಿಕೊಂಡ ಅಲೆ ಹೋಗುತ್ತ ಬರುತ್ತ, ಪ್ರತಿ ಸುತ್ತಿಗೂ ಆ ತಿರುಗುವಿಕೆಯಿಂದ ಒಂದಿಷ್ಟು ಬಲ ಕದ್ದು ದೊಡ್ಡದಾಗಬಹುದು. ಕುಳಿಯಾದರೆ ಅದನ್ನು ನುಂಗಿ ತೆಪ್ಪಗಿರುತ್ತದೆ. ಏನನ್ನೂ ನುಂಗದ ಕಾಯದ ಗತಿ ಏನು, ಅಲೆ ಬೆಳೆದು ಬೆಳೆದು ಅದನ್ನೇ ಕೆಡವುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಿದ್ದರು. ಇಲ್ಲ, ತಮ್ಮ ಕಾಯ ನಿಲ್ಲುತ್ತದೆ ಎಂದು ಮೇಡಂ ತೋರಿಸಿಕೊಟ್ಟರು. ಅಂದರೆ, ಲೆಕ್ಕ ಮಾಡಿದ್ದು ಅವಳು, ತೋರಿಸಿಕೊಟ್ಟದ್ದು ಮೇಡಂ.

ಒದ್ದೆ ಬಟ್ಟೆ ಎಂಬುದು ಸಂಸ್ಥೆಯಲ್ಲಿ ಅವರು ಕೂತು ಕೆಲಸ ಮಾಡುವ ಕೋಣೆಯೊಳಗೆ ಮಾತ್ರ ಓಡಾಡುತ್ತಿದ್ದ ಹೆಸರು. ಅಲೆಯನ್ನು ಕಂಪ್ಯೂಟರಿನಲ್ಲಿ ಓಡಿಸಿದಾಗ ನಿಜವಾದ ಅಲೆಯ ಜೊತೆಗೆ ಲೆಕ್ಕದ್ದೇ ಆದ ಕಸವೂ ಎದ್ದು ಕುಣಿಯತೊಡಗುತ್ತದೆ. ಅದನ್ನು ಅಡಗಿಸಲು ಸಮೀಕರಣದ ಕೊನೆಗೆ ಒಂದು ಚಿಕ್ಕ ಪದ ಸೇರಿಸುತ್ತಾರೆ, ಕುಣಿತವನ್ನು ಚೂರು ಚೂರಾಗಿ ಹೀರಿಕೊಳ್ಳುವ ಪದ. "ಕುಣಿಯೋಕೆ ಶುರು ಮಾಡಿದ್ರೆ ಒಂದು ಒದ್ದೆ ಬಟ್ಟೆ ಹಾಕು ಮರಿ" ಎಂದು ಅವಳು ಸೇರಿದ ಹೊಸದರಲ್ಲೇ ಮೇಡಂ ಕಲಿಸಿದ್ದರು. ಆಮೇಲೆ ಬಂದವರಿಗೆ ಯಾರೂ ಕಲಿಸಬೇಕಾಗಿಯೂ ಬರಲಿಲ್ಲ. ಕೈಗೆ ಸಿಗುವ ಕೋಡ್‌ನಲ್ಲೇ ಅದು ಇರುತ್ತಿತ್ತು, ಬಾಡಿಗೆ ಮನೆಯ ಗೋಡೆಯಲ್ಲಿ ಹಿಂದಿನವರು ಹೊಡೆದುಹೋದ ಮೊಳೆಯ ಹಾಗೆ. ಯಾತಕ್ಕೆಂದು ಯಾರೂ ಕೇಳಲಿಲ್ಲ, ಕೀಳಲಿಲ್ಲ. ಈಗ ಸಂಸ್ಥೆಗೆ ಹೊಸ ಯಂತ್ರ ಬಂತು, ಹಳೇ ಕೋಡ್ ಅದಕ್ಕೆ ಹೊಂದಲಿಲ್ಲ, ಮೇಡಂಗೆ ಭಾಷಣಕ್ಕೆ ಹೊಸ ಚಿತ್ರ ಬೇಕಿತ್ತು. ಅವಳು ಎಲ್ಲವನ್ನೂ ಮೊದಲಿನಿಂದ ಬರೆದಳು. ಬರೆಯುವಾಗ ಒದ್ದೆ ಬಟ್ಟೆ ಹಾಕುವುದನ್ನು ಮರೆತಳು. ಹೊಸ ಕೋಡ್ ಎಷ್ಟು ಚೊಕ್ಕಟವಾಗಿತ್ತೆಂದರೆ ಕಸ ಏಳಲೇ ಇಲ್ಲ, ಹಾಗಾಗಿ ಮರೆತದ್ದು ನೆನಪಿಗೂ ಬರಲಿಲ್ಲ. ಗೆರೆ ಏರಿದ್ದನ್ನು ಕಂಡಾಗ ಮೊದಲು ಬೈದುಕೊಂಡದ್ದು ತನ್ನನ್ನೇ. ಬಟ್ಟೆ ಹಾಕಿದಳು, ಗೆರೆ ಇಳಿಯಿತು. ತೆಗೆದಳು, ಏರಿತು. ಜಾಗವನ್ನು ಚೌಕ ಚೌಕವಾಗಿ ಕತ್ತರಿಸುವ ಲೆಕ್ಕದ ಜಾಲರಿಯನ್ನು ಇನ್ನಷ್ಟು ಸಣ್ಣ ಮಾಡಿ ನೋಡಿದಳು, ಅಷ್ಟೇ ಏರಿತು. ಕಸವಾಗಿದ್ದರೆ ಹಾಗೆ ಒಂದೇ ಸಮ ಏರುವುದಿಲ್ಲ. ಇಷ್ಟು ವರ್ಷ ಮೇಡಂ ಅವರ ಕಾಯವನ್ನು ಬೀಳದಂತೆ ಹಿಡಿದಿದ್ದದ್ದು ಬಟ್ಟೆ.

ಸ್ನಾನ ಮಾಡುವಾಗ ಅವಳಿಗೆ ಮೊದಲ ಲೇಖನದ ನೆನಪಾಯಿತು, ನೆನಪಾಗಬಾರದಿತ್ತು. ಮೇಡಂಗೂ ಅವರ ಕಾಯಕ್ಕೂ ಹೆಸರು ತಂದುಕೊಟ್ಟ ಲೇಖನ ಅದು. ಅದರ ತಲೆಯ ಮೇಲೆ ಮೇಡಂ ಹೆಸರೊಂದೇ. ಕೊನೆಯಲ್ಲಿ, ಚಳಿಗಾಲದಲ್ಲಿ ಹೀಟರ್ ಕೊಡಿಸಿದ ಆಡಳಿತ ಕಚೇರಿಗೆ ವಂದನೆ ಹೇಳಿದ ಸಾಲಿನ ಕೆಳಗೆ, "ಲೆಕ್ಕಕ್ಕೆ ನೆರವಾದವರು" ಎಂದು ಅವಳ ಹೆಸರು. ಆವತ್ತು ಅವಳು ಒಂದು ಪ್ರತಿ ತಗೊಂಡು ಹೋಗಿ ಅಪ್ಪನಿಗೆ ತೋರಿಸಿದಳು, ಅಪ್ಪ ಕನ್ನಡಕ ಹಾಕಿಕೊಂಡು ಹುಡುಕಿ ಹುಡುಕಿ, "ಎಲ್ಲಮ್ಮಾ ನೀನು?" ಎಂದಿದ್ದರು. ಆಮೇಲಿನ ಲೇಖನಗಳಲ್ಲಿ ಅವಳ ಹೆಸರು ಮೇಲೆ ಬಂತು, ಮೇಡಂ ಅವಳಿಗೆ ಕೆಲಸ ಕೊಡಿಸಿದರು, ಬೇರೆ ಯಾರಾದರೂ ಅವಳ ಲೆಕ್ಕದ ಮೇಲೆ ಬೆರಳಿಟ್ಟರೆ ಹುಲಿಯಂತೆ ಎಗರಿದರು. ಎಲ್ಲ ಸರಿ. ಆದರೆ ಈ ವಯಸ್ಸಿಗೂ, ತಲೆಗೂದಲಿಗೆ ಬಣ್ಣ ಹಚ್ಚಿಕೊಳ್ಳುವ ಈ ವಯಸ್ಸಿಗೂ, ಪರದೇಶದವರ ಮುಂದೆ "ಇವಳು ನಮ್ಮ ಮರಿ, ಲೆಕ್ಕದಲ್ಲಿ ಭಾರಿ ಚುರುಕು" ಎನ್ನುವರು. ಇವಳು ಹಲ್ಲು ಕಿರಿದು ನಿಲ್ಲುವಳು. ಬೆಳಿಗ್ಗೆ ಗುನುಗಿದ್ದು ಯಾರು, ಸತ್ಯ ಕಂಡವಳೋ ಅಥವಾ ಲೇಖನದ ಕೊನೆಯ ಸಾಲಿನಲ್ಲಿ ಕೂತಿದ್ದವಳೋ? ನೀರು ತಣ್ಣಗಾಗುವ ತನಕ ನಿಂತಿದ್ದರೂ ಅದು ಬಗೆಹರಿಯಲಿಲ್ಲ.

ಮೇಡಂ ಕಾರು ಓಡಿಸುವುದನ್ನು ಬಿಟ್ಟ ಮೇಲೆ ಅವರನ್ನು ಕರೆದುಕೊಂಡು ಹೋಗುವುದು, ತಂದು ಬಿಡುವುದು ಅವಳ ಪಾಲಿಗೆ ಬಂದಿತ್ತು. ಬಾಗಿಲು ತೆರೆದವರು ಅವರ ಯಜಮಾನರು, ನಿವೃತ್ತ ಹಲ್ಲಿನ ಡಾಕ್ಟರು. ಒಂದು ಕೈಯಲ್ಲಿ ಮೇಡಂ ಅವರ ಬೂದು ಕೋಟು, ಇನ್ನೊಂದರಲ್ಲಿ ಕಿತ್ತುಬಂದ ಗುಂಡಿ. "ಬಾಮ್ಮ ಬಾ, ದೇವರು ಕಳಿಸಿದ ಹಾಗೆ ಬಂದೆ. ಊರಿನವರ ಬಾಯೆಲ್ಲಾ ಹೊಲಿದೆ ನಾನು, ಈ ದರಿದ್ರ ಗುಂಡಿ ಹೊಲಿಯೋಕೆ ಕೈ ನಡುಗುತ್ತೆ ನೋಡು" ಎಂದರು. ಅವಳು ಕಿಟಕಿಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿದಳು. ಒಳಗಿನ ಕೋಣೆಯಿಂದ ಮೇಡಂ ಅವರ ದನಿ. ಭಾಷಣದ ಕೊನೆಯ ಮಾತನ್ನು ಬಗೆಬಗೆಯಾಗಿ ಹೇಳಿ ನೋಡುತ್ತಿದ್ದರು. "ಇದು ನಿಲ್ಲುತ್ತದೆ." ಸ್ವಲ್ಪ ತಡೆದು, ಮೆಲ್ಲಗೆ, "ಇದು, ನಿಲ್ಲುತ್ತದೆ." ಮತ್ತೆ, ಮಕ್ಕಳಿಗೆ ಭರವಸೆ ಕೊಡುವವರಂತೆ, "ನಿಲ್ಲುತ್ತದೆ ಇದು." ಪ್ರತಿ ಸಲವೂ ಅವಳ ಸೂಜಿ ಬಟ್ಟೆಯ ಹಿಂದಿನಿಂದ ಬರುತ್ತ ಗುಂಡಿಯ ತೂತು ತಪ್ಪಿತು.

"ರಾತ್ರಿ ಸರಿಯಾಗಿ ನಿದ್ದೆ ಮಾಡಲ್ಲ ಈಗ ಅವಳು" ಎಂದರು ಡಾಕ್ಟರು ದನಿ ತಗ್ಗಿಸಿ. "ಇವತ್ತೊಂದು ಮುಗಿದ್ರೆ ಸಾಕಪ್ಪ ಅನ್ನಿಸಿದೆ. ಆ ಕತ್ತರಿ ಬರ್ತಾನಂತೆ, ನಿಜಾನಾ?" ಕತ್ತರಿ ಎಂದರೆ ಮೇಡಂ ಅವರ ಮೊದಲ ಶಿಷ್ಯ. ಮಾತಿನ ನಡುವೆ ಕತ್ತರಿಸಿ ಕೇಳುವ ಚಾಳಿಗೆ ಬಂದ ಹೆಸರು. ಹಿಂದೊಮ್ಮೆ ಮೇಡಂ ಜೊತೆ ಜಗಳವಾಡಿ, ಕಪ್ಪುಕುಳಿಗಳು ಇವೆ ಎನ್ನುವವರ ಗುಂಪಿಗೆ ಹೋಗಿ ಸೇರಿದ್ದ, ಅಲ್ಲಿ ದೊಡ್ಡ ಮನುಷ್ಯನೂ ಆಗಿದ್ದ. "ಬರ್ತಾರಂತೆ" ಎಂದಳು ಅವಳು. ಅವನು ಏನು ಕೇಳುತ್ತಾನೆ ಎಂಬುದೂ ಅವಳಿಗೆ ಗೊತ್ತಿತ್ತು. ಅವನೂ ಅದೇ ಕೋಣೆಯಲ್ಲಿ ಕೂತು ಅದೇ ಒದ್ದೆ ಬಟ್ಟೆ ಹಾಕಿದವನು. ತಾನು ಅವನ ಜಾಗದಲ್ಲಿದ್ದರೆ ಬೇರೇನನ್ನೂ ಕೇಳುತ್ತಿರಲಿಲ್ಲ. ಈಗ, ಇಲ್ಲಿ, ಈ ಸೋಫಾದ ಮೇಲೆ ಹೇಳಿಬಿಟ್ಟರೆ ಮೇಡಂಗೆ ಭಾಷಣ ತಿದ್ದಿಕೊಳ್ಳಲು ಸಮಯವಿದೆ. ಕೊನೆಯ ಮಾತನ್ನು ಬಿಟ್ಟುಬಿಡಬಹುದು, ಇಲ್ಲವೇ ಜ್ವರವೆಂದು ಮಲಗಬಹುದು. ಅವರ ಮಾನ ಈ ಕೋಣೆಯೊಳಗೇ ಉಳಿಯುತ್ತದೆ. ಮಧ್ಯಾಹ್ನ ದಾಟಿದರೆ ಉಳಿಯುವುದಿಲ್ಲ. ಅವಳು ದಾರವನ್ನು ಹಲ್ಲಿನಿಂದ ಕಡಿದು ಎದ್ದು ನಿಂತಳು.

ಮೇಡಂ ಹೊರಗೆ ಬಂದರು. ಪುಟ್ಟ ಆಳು, ನೆಟ್ಟಗೆ ಕತ್ತರಿಸಿದ ಬಿಳಿ ಕೂದಲು, ಬಂದವರನ್ನು ಮೊದಲು ಕನ್ನಡಕದ ಮೇಲಿನಿಂದ, ಆಮೇಲೆ ಅದರೊಳಗಿನಿಂದ ನೋಡುವ ಅಭ್ಯಾಸ. ಕೋಟಿನೊಳಗೆ ತೋಳು ತೂರಿಸಿ, ಗುಂಡಿಯನ್ನು ಎಳೆದು ಪರೀಕ್ಷೆ ಮಾಡಿ, "ಗಟ್ಟಿಯಾಗಿದೆ" ಎಂದು ಮೆಚ್ಚಿದರು.

"ಮೇಡಂ, ಒಂದು ವಿಷಯ ಹೇಳ್ಬೇಕಿತ್ತು."

"ಒಳ್ಳೇದಾ, ಕೆಟ್ಟದ್ದಾ?"

ಅವಳು ಬಾಯಿ ತೆರೆದಳು. ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ, ಲೆಕ್ಕ ಎನ್ನಬೇಕೆಂದಿದ್ದಳು.

"ಒಳ್ಳೇದಾದ್ರೆ ಈಗ್ಲೇ ಹೇಳು. ಕೆಟ್ಟದ್ದಾದ್ರೆ ನಾಳೆ ಹೇಳು ಮರಿ. ಇವತ್ತು ಕೆಟ್ಟ ಸುದ್ದಿಗೆಲ್ಲಾ ರಜ" ಎಂದು ಮೇಡಂ ನಕ್ಕರು. ಡಾಕ್ಟರೂ ನಕ್ಕರು. ಅವಳೂ ನಕ್ಕಳು, ನಕ್ಕು, "ಹಾಗಾದ್ರೆ ನಾಳೆ ಹೇಳ್ತೀನಿ ಮೇಡಂ" ಎಂದಳು. ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ನಾನು ಹೇಳಲು ಹೋದೆ, ಅವರೇ ಬೇಡವೆಂದರು. ಇನ್ನು ಯಾರು ಏನು ಕೇಳಿದರೂ ಉತ್ತರವಿದೆ. ಕಾರಿನ ಬೀಗದ ಕೈಗಾಗಿ ಬ್ಯಾಗಿನೊಳಗೆ ತಡಕುವಾಗ ಅವಳಿಗೆ ಹೊಳೆಯಿತು, ಆ ಭಾರ ಇಳಿದ ಜಾಗದಲ್ಲಿ ಬೆಳಗಿನ ಕುಣಿತ ಹಾಗೇ ಇದೆ ಎಂದು. ಇವತ್ತು ಇನ್ನೂ ನಡೆಯಬಹುದಾದದ್ದಕ್ಕಾಗಿ ತನ್ನೊಳಗಿನ ಯಾರೋ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದು ಕಾಯುತ್ತಿದ್ದಾಳೆ. ಬಾಗಿಲಲ್ಲಿ ಡಾಕ್ಟರು, "ನೋಡ್ಕೊಳಮ್ಮ ಇವಳನ್ನ, ನಾನು ಆಮೇಲೆ ಬಂದು ಸೇರ್ಕೋತೀನಿ" ಎಂದರು. ನೋಡಿಕೊಳ್ಳುತ್ತೇನೆ ಎಂದಳು.

ದಾರಿಯುದ್ದಕ್ಕೂ ಮೇಡಂ ಭಾಷಣದ ಹಾಳೆಗಳನ್ನು ತಿರುವಿ ಹಾಕುತ್ತಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಅವಳು ಈಗ ಎಂದುಕೊಂಡಳು, ಹಸಿರಾಗುತ್ತಲೇ ಮುಂದಿನದರಲ್ಲಿ ಎಂದುಕೊಂಡಳು. ಮೇಡಂ ಎಲ್ಲವನ್ನೂ ಎದುರಿನವರ ಮುಖಕ್ಕೆ ವಾಪಸ್ ಎಸೆಯುವವರು. ಯಾರ ಟೀಕೆಯೂ ಅವರ ಮೈಗೆ ಅಂಟಿದ್ದನ್ನು ಕಂಡಿಲ್ಲ. ನುಂಗಿಕೊಳ್ಳುವ ಕೆಲಸ ಇವಳದ್ದು. ಅವರ ಕಾಯವೂ ಅವರ ಹಾಗೆಯೇ ಇದೆಯಲ್ಲ ಎಂದು ಯೋಚನೆ ಬಂತು, ಬಂದ ತಕ್ಷಣ ಅದನ್ನು ದೂಡಿದಳು. ಹೋಲಿಕೆ ತುಂಬ ಸುಲಭವಾಗಿ ಸಿಕ್ಕಿತ್ತು. ಸುಲಭವಾಗಿ ಸಿಕ್ಕಿದ್ದನ್ನು ನಂಬಬೇಡ ಎಂದು ಕಲಿಸಿದವರೂ ಅವರೇ. ಸಂಸ್ಥೆಯ ಗೇಟು ಬಂದಿತು.

ಹಾಲ್ ತುಂಬಿತ್ತು. ಅವಳು ಮೂರನೆಯ ಸಾಲಿನ ತುದಿಯಲ್ಲಿ ಕೂತಳು, ಎದ್ದು ಹೋಗಬೇಕಾದರೆ ಹತ್ತಿರವಿರಲಿ ಎಂದು. ಕತ್ತರಿ ಎದುರು ಬದಿಯಲ್ಲಿದ್ದ, ದಪ್ಪಗಾಗಿದ್ದ, ಅವಳನ್ನು ಕಂಡು ಕೈ ಎತ್ತಿದ. ಮೇಡಂ ಮಾತಾಡತೊಡಗಿದರು, ಎಂದಿನಂತೆ ಚೆನ್ನಾಗಿ. ಕಾಯದ ಮೈಗೆ ತಾಗಿದ ಅಲೆ ತಡವಾಗಿ ಹಿಂದಿರುಗುವ ಚಿತ್ರ ಪರದೆಯ ಮೇಲೆ ಬಂತು, ಅವಳು ಮಾಡಿಕೊಟ್ಟ ಹಳೆಯ ಚಿತ್ರ, ಹೊಸದನ್ನು ಅವಳು ಕೊಟ್ಟಿರಲಿಲ್ಲ. ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ಅವಳಿಗೆ ನೆನಪಾಯಿತು: ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ, ಬೆಂಚಿನ ಒಂದು ಕಾಲು ಗಿಡ್ಡ. ಮುಚ್ಚಿದ ಬಾಗಿಲಿನ ಆಚೆ ಅಪ್ಪ. ಮೇಡಂ ಎಲ್ಲಿಂದಲೋ ಬಂದು ಪಕ್ಕದಲ್ಲಿ ಕೂತರು, ಧೈರ್ಯದ ಒಂದು ಮಾತೂ ಆಡಲಿಲ್ಲ. ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಅವಳ ಕೈಗಿಟ್ಟು, ತಮ್ಮ ಕಾಯದ ವಿಷಯ ಹೇಳಲು ಶುರು ಮಾಡಿದರು. ಆ ಮಧ್ಯಾಹ್ನವೆಲ್ಲ ಅದನ್ನೇ ಹೇಳಿದರು. "ಏನೂ ಕಳೆದುಹೋಗಲ್ಲ ಮರಿ. ಹೋದದ್ದೆಲ್ಲಾ ವಾಪಸ್ ಬರುತ್ತೆ. ತಡವಾಗಿ ಬರುತ್ತೆ, ಅಷ್ಟೆ." ಅದು ಭೌತಶಾಸ್ತ್ರ, ಸಾಂತ್ವನವಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೆ ಬಾಗಿಲು ತೆರೆದು ನರ್ಸ್ ಹೊರಗೆ ಬಂದು ತಲೆ ಅಲ್ಲಾಡಿಸಿದಾಗ ಅವಳು ಗಟ್ಟಿಯಾಗಿ ಹಿಡಿದುಕೊಂಡದ್ದು ಆ ಮಾತನ್ನೇ. ಈಗ ಆ ಮಾತೇ ಅಲ್ಲಿ, ಬೆಳಕಿನ ಚೌಕದಲ್ಲಿ, ಅವಳ ಹೊಲಿಗೆಯ ಗುಂಡಿ ಹಾಕಿಕೊಂಡು ನಿಂತಿದೆ. ಯಾರೂ ಏನೂ ಕೇಳದಿರಲಿ. ಅವಳು ನಿಜವಾಗಿ, ಮನಸಾರೆ ಹಾಗೆಂದುಕೊಂಡಳು. ಯಾರೂ ಕೇಳದಿದ್ದರೆ ನಾಳೆ ಹೇಳುತ್ತೇನೆ, ಕೋಣೆಯಲ್ಲಿ, ಇಬ್ಬರೇ ಇರುವಾಗ, ಬಾಗಿಲು ಹಾಕಿಕೊಂಡು.

"ಇದು," ಎಂದರು ಮೇಡಂ, ತಡೆದರು, "ನಿಲ್ಲುತ್ತದೆ." ಚಪ್ಪಾಳೆ ಬಿತ್ತು. ಡಾಕ್ಟರು ಹಿಂದಿನ ಬಾಗಿಲಲ್ಲಿ ಹೂಗುಚ್ಛ ಹಿಡಿದು ನಿಂತಿದ್ದರು.

ಕತ್ತರಿ ಕೈ ಎತ್ತಿದ. "ಮೇಡಂ, ಹಳೇ ಶಿಷ್ಯ ಅನ್ನೋ ಸಲಿಗೆಯಿಂದ ಕೇಳ್ತೀನಿ. ಆ ಒದ್ದೆ ಬಟ್ಟೆ ಇನ್ನೂ ಇದೆಯಾ? ಅದನ್ನ ಒಂದು ಸಲ ತೆಗೆದು ನೋಡಿದೀರಾ?"

ಕೋಣೆಯ ಹಳಬರು ನಕ್ಕರು. ಉಳಿದವರು ಯಾತಕ್ಕೆ ನಗು ಎಂದು ಪಕ್ಕದವರನ್ನು ಕೇಳಿದರು. ಮೇಡಂ ಕೂಡ ನಗುತ್ತಲೇ, "ನಿಂಗೆ ವಯಸ್ಸಾದ್ರೂ ಬುದ್ಧಿ ಬಂದಿಲ್ಲ. ಅಂಥಾದ್ದನ್ನೆಲ್ಲಾ ನಮ್ಮ ಮರಿ ನೋಡದೆ ಬಿಟ್ಟಿರಲ್ಲ. ಏನ್ ಮರಿ?" ಎಂದು ಅವಳ ಕಡೆ ತಿರುಗಿದರು. ತಲೆಗಳೆಲ್ಲ ತಿರುಗಿದವು. ಅವಳು ಎದ್ದಳು. ಇನ್ನೂ ನೋಡಿಲ್ಲ ಎನ್ನುವುದೆಂದು ಏಳುವಾಗ ತೀರ್ಮಾನಿಸಿದ್ದಳು. ಅದು ಅಷ್ಟೇನೂ ದೊಡ್ಡ ಸುಳ್ಳಲ್ಲ, ನಿನ್ನೆಯ ತನಕ ನಿಜವೇ ಆಗಿತ್ತು.

"ತೆಗೆದು ನೋಡಿದೀನಿ ಮೇಡಂ. ನಿಲ್ಲಲ್ಲ."

ಆ ಹಾಲಿನಲ್ಲಿ ಅಷ್ಟು ಸ್ಪಷ್ಟವಾಗಿ ಅವಳು ಹಿಂದೆಂದೂ ಮಾತಾಡಿರಲಿಲ್ಲ. ಮೈಕ್ ಕೂಡ ಬೇಕಾಗಲಿಲ್ಲ. ತನ್ನ ದನಿ ಎದುರಿನ ಗೋಡೆಗೆ ತಾಗಿ ಬಂದದ್ದು ಅವಳಿಗೇ ಕೇಳಿಸಿತು. ಯಾರೋ ಪೆನ್ನು ಬೀಳಿಸಿದರು. ಮೇಡಂ ಮುಖದ ನಗು ಹಾಗೇ ಇತ್ತು, ಒಳಗಿನವರು ಎದ್ದುಹೋದ ಮೇಲೂ ಉರಿಯುವ ದೀಪದಂತೆ. ಅವರ ಕೈ ಕೋಟಿನ ಗುಂಡಿಗೆ ಹೋಯಿತು, ಅದನ್ನು ತಿರುಪತೊಡಗಿತು.

"ಬೆಳೆಯುತ್ತಾ?" ಎಂದರು.

"ಬೆಳೆಯುತ್ತೆ."

"ಜಾಲರಿ ಸಣ್ಣ ಮಾಡಿ ನೋಡಿದ್ಯಾ?"

"ನೋಡ್ದೆ. ಬದಲಾಗಲಿಲ್ಲ."

"ನಿಧಾನಕ್ಕೆ ತಿರುಗಿದಾಗ?"

"ಆಗ ಏನೂ ಆಗಲ್ಲ ಮೇಡಂ. ತಿರುಗೋದು ಒಂದು ಮಿತಿ ದಾಟಿದ ಮೇಲೆ ಶುರುವಾಗುತ್ತೆ. ಜೋರು ತಿರುಗಿದಷ್ಟೂ ಬೇಗ ಬೆಳೆಯುತ್ತೆ."

"ಹಾಂ. ಹಾಗೇ ಇರ್ಬೇಕು" ಎಂದರು ಮೇಡಂ, ತಮ್ಮಷ್ಟಕ್ಕೆ. ಅಷ್ಟು ಹೊತ್ತೂ ಅವರಿಬ್ಬರೂ ತಮ್ಮ ಕೋಣೆಯಲ್ಲಿ ಟೀ ಮುಂದಿಟ್ಟುಕೊಂಡು ಮಾತಾಡುತ್ತಿದ್ದಂತಿತ್ತು. ಈಗ ಮೇಡಂಗೆ ಹಾಲ್ ಕಾಣಿಸಿತು. ಜನರನ್ನು ಕನ್ನಡಕದ ಮೇಲಿನಿಂದ ನೋಡಿದರು. "ಹಾಗಾದರೆ ಇಷ್ಟು ವರ್ಷ ನಾನು ಮಾತಾಡಿದ್ದು ಒಂದು ಒದ್ದೆ ಬಟ್ಟೆಯ ಬಗ್ಗೆ" ಎಂದರು. ನಗಲೆಂದೇ ಹೇಳಿದ್ದರೋ ಏನೋ, ಯಾರೂ ನಗಲಿಲ್ಲ. ಮೇಡಂ ಮೆಟ್ಟಿಲಿಳಿದು ಮೊದಲ ಸಾಲಿನ ಖಾಲಿ ಕುರ್ಚಿಯಲ್ಲಿ ಕೂತರು. ಪರದೆಯ ಮೇಲೆ ಇಳಿಯುವ ಗೆರೆ ಹಾಗೇ ಇತ್ತು, ಅದನ್ನು ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಹೊರಗೆ ಟೀ ಇತ್ತು. ಜನ ಗುಂಪುಗುಂಪಾಗಿ ನಿಂತು ಬೇರೆ ಏನನ್ನಾದರೂ ಮಾತಾಡುವ ಕಷ್ಟದಲ್ಲಿದ್ದರು. ಕತ್ತರಿ ಅವಳ ಹತ್ತಿರ ಬಂದ, ಅವನ ಮುಖ ಕಪ್ಪಿಟ್ಟಿತ್ತು. "ನಾನು ತಮಾಷೆಗೆ ಕೇಳಿದ್ದು. ದೇವರಾಣೆ. ನಮ್ಮ ಹಳೇ ಜೋಕಲ್ವಾ ಅದು, ನಗ್ತಾರೆ ಅಂತ ಕೇಳ್ದೆ. ನಂಗೇನು ಗೊತ್ತು?" ಅವನ ಕೈಯಲ್ಲಿ ಟೀ ಆರುತ್ತಿತ್ತು. ಅವನನ್ನು ದ್ವೇಷಿಸಬಹುದಿತ್ತಲ್ಲ, ಆ ಅನುಕೂಲವೂ ತಪ್ಪಿತು. ಡಾಕ್ಟರು ಹೂಗುಚ್ಛವನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಅವಳ ಮುಂದೆ ಬಂದು ನಿಂತರು. ಬೈಯುತ್ತಾರೆ ಎಂದು ಅವಳು ಕಾದಳು, ಬೈದಿದ್ದರೆ ಚೆನ್ನಾಗಿತ್ತು. "ನಗ್ತಾ ನಗ್ತಾ ಗುಂಡಿ ಹೊಲಿದುಕೊಟ್ಯಲ್ಲಮ್ಮ" ಎಂದರು ಅವರು, ಅಷ್ಟೇ. ಎಂದು ಕಾರಿನ ಕಡೆ ನಡೆದರು.

ಕಾರಿನಲ್ಲಿ ಡಾಕ್ಟರು ಹಿಂದೆ ಕೂತರು, ಹೂವು ತೊಡೆಯ ಮೇಲೆ. ಮೇಡಂ ಮುಂದೆ, ಅವಳ ಪಕ್ಕ, ಎಂದಿನ ಜಾಗ. ಸಂಜೆಯ ಬಿಸಿಲು ಗಾಜಿನ ಮೇಲೆ ಬಿದ್ದು ಧೂಳೆಲ್ಲ ಕಾಣುತ್ತಿತ್ತು, ತೊಳೆಯಬೇಕಿತ್ತು ಎಂದುಕೊಂಡಳು. ಏನಾದರೂ ಹೇಳಬೇಕು. ಕ್ಷಮಿಸಿ ಎನ್ನುವುದು ಸಣ್ಣದಾಯಿತು, ಬೇರೆ ದೊಡ್ಡದು ಇರಲಿಲ್ಲ.

"ಬೆಳಗ್ಗೆ ಹೇಳೋಕೆ ಬಂದಿದ್ದು ಇದೇನಾ?" ಎಂದು ಮೇಡಂ ಕೇಳಿದರು.

"ಹೌದು ಮೇಡಂ."

"ನಾಳೆ ಹೇಳು ಅಂದಿದ್ದು ನಾನೇ. ನೀನೇನು ಮಾಡ್ತೀಯ ಪಾಪ." ತುಸು ಹಿಂದೆ ತಿರುಗಿ, "ಕೇಳಿಸ್ತಾ ನಿಮಗೆ? ಅವಳ ಮೇಲೆ ಮುಖ ಊದಿಸ್ಕೋಬೇಡಿ. ಬಾಯಿ ಮುಚ್ಚಿಸಿದ್ದು ನಾನು. ತಪ್ಪು ನಂದು." ಡಾಕ್ಟರು ಹೂಗುಚ್ಛದ ಕಾಗದವನ್ನು ಸರಿಮಾಡಿದರು.

ತಪ್ಪು ನಂದು ಎಂಬ ಮಾತು ಆ ಬಾಯಿಂದ ಅವಳು ಕೇಳಿದ್ದು ಇದೇ ಮೊದಲು. ಯಾರು ಏನೆಂದರೂ ವಾಪಸ್ ಎಸೆಯುತ್ತಿದ್ದವರು ಇದೊಂದನ್ನು ಎಷ್ಟು ಸುಲಭವಾಗಿ ಇಟ್ಟುಕೊಂಡರು, ಅದೂ ತಮ್ಮದಲ್ಲದ್ದನ್ನು. ಇಲ್ಲ ಮೇಡಂ, ನೀವು ತಡೆದಾಗ ನನಗೆ ಹಾಯೆನಿಸಿತ್ತು, ಎಂದು ಈಗ ಹೇಳಬೇಕು. ಹೇಳಿದರೆ ಬೆಳಗಿನ ಹಾಡಿನ ತನಕ ಹೋಗಬೇಕಾಗುತ್ತದೆ. ಸಿಗ್ನಲ್ ಕೆಂಪಾಯಿತು. ಅವಳು ಬ್ರೇಕ್ ಒತ್ತಿದಳು.

"ಮರಿ," ಎಂದರು ಮೇಡಂ, "ಬಟ್ಟೆ ಎಷ್ಟು ಹೀರಿಕೊಳ್ತಿತ್ತು?"

"ನೂರರಲ್ಲಿ ಒಂದು ಪಾಲು ಇರಬಹುದು ಮೇಡಂ. ಅದಕ್ಕಿಂತ ಕಮ್ಮಿನೋ ಏನೋ."

"ನೂರರಲ್ಲಿ ಒಂದು. ಅಷ್ಟು ಸಾಕಾ ನಿಲ್ಲೋಕೆ?" ಮೇಡಂ ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿದರು. "ಹಾಗಾದ್ರೆ ಅದರ ಮೈಯೇ ಅಷ್ಟನ್ನ ಹೀರಿಕೊಂಡ್ರೆ? ಪೂರ್ತಿ ಹಿಂದಕ್ಕೆ ಕೊಡುತ್ತೆ ಅಂತ ಹಠ ಹಿಡಿದವಳು ನಾನು. ಅದೇನೂ ಹಾಗಂತ ನನಗೆ ಮಾತು ಕೊಟ್ಟಿರಲಿಲ್ಲ. ಅಂಥ ಮೈ ಎಂಥಾದ್ದರಿಂದ ಆಗಿರುತ್ತೆ? ಅದನ್ನ ಕೇಳಿಯೇ ಇಲ್ಲ ನಾವು." ಅವರು ಬೆರಳಿನಿಂದ ಗಾಜಿನ ಮೇಲೆ ಏನೋ ಬರೆದು ನೋಡಿದರು, ಧೂಳು ಹೊರಗಡೆಯಿತ್ತು, ಗುರುತು ಮೂಡಲಿಲ್ಲ. ಆಮೇಲೆ, ಬಹಳ ಸಣ್ಣಗೆ, ಮೇಡಂ ಗುನುಗತೊಡಗಿದರು.

ಅವಳು ತಿರುಗಿ ನೋಡಿದಳು. ಆ ಗುನುಗು ಅಳುವನ್ನು ಮುಚ್ಚಿಕೊಳ್ಳಲಿಕ್ಕಲ್ಲ, ತೋರಿಕೆಗಲ್ಲ. ಮೇಡಂ ಕಣ್ಣು ಕೆಂಪಾಗಿತ್ತು ನಿಜ, ಕೆನ್ನೆ ಇಳಿದುಹೋಗಿತ್ತು, ಬೆಳಗಿಗಿಂತ ಹತ್ತು ವರ್ಷ ಹೆಚ್ಚು ವಯಸ್ಸಾದಂತಿದ್ದರು. ಆದರೂ ಗಂಟಲೊಳಗೆ ಏನೋ ಕುಣಿಯುತ್ತಿತ್ತು. ಹೊಸ ಲೆಕ್ಕ ಸಿಕ್ಕಾಗ ಅವರು ಕೋಣೆಯಲ್ಲಿ ಹೀಗೆಯೇ ಗುನುಗುತ್ತಿದ್ದರು. ಎಷ್ಟೋ ವರ್ಷದಿಂದ ಅದು ಕೇಳಿಸಿರಲಿಲ್ಲವಾದ್ದರಿಂದ ಅವಳಿಗೆ ಮರೆತುಹೋಗಿತ್ತು. ತಾನು ಅದನ್ನು ಕಲಿತದ್ದೂ ಇಲ್ಲಿಂದಲೇ ಇರಬಹುದು.

"ಮೊದಲ ಸಲ ನೋಡಿದಾಗ," ಎಂದು ಮೇಡಂ ಇದ್ದಕ್ಕಿದ್ದಂತೆ ಗುನುಗುವುದನ್ನು ನಿಲ್ಲಿಸಿ ಕೇಳಿದರು, "ಗೆರೆ ಹಾಗೆ ಏರಿದ್ದನ್ನ ಕಂಡಾಗ, ನಿಂಗೆ ಖುಷಿಯಾಯ್ತಾ?"

ಅದರಲ್ಲಿ ಕೊಂಕಿರಲಿಲ್ಲ. ಒಂದೇ ಕೆಲಸ ಮಾಡುವ ಒಬ್ಬಳು ಇನ್ನೊಬ್ಬಳನ್ನು ಕೇಳುವಂತೆ, ಸರಿಸಮಾನಳನ್ನು ಕೇಳುವಂತೆ ಕೇಳಿದ್ದರು. ಅವಳು ಇಷ್ಟು ವರ್ಷ ಕಾದದ್ದು ಆ ದನಿಗಾಗಿಯೇ. ಆದರೆ ಅವಳಿಗೆ ಕಂಡದ್ದು ಹಿಂದಿನ ಕನ್ನಡಿಯಲ್ಲಿ ಡಾಕ್ಟರ ಮುಖ, ತೊಡೆಯ ಮೇಲಿನ ಹೂವು, ಬೆಳಿಗ್ಗೆ ನಲ್ಲಿಯ ಮುಂದೆ ಕೈಯಲ್ಲೇ ಉಳಿದಿದ್ದ ಲೋಟ.

"ಅಯ್ಯೋ, ಇಲ್ಲ ಮೇಡಂ" ಎಂದಳು. "ಖುಷಿ ಹೇಗಾಗುತ್ತೆ? ತುಂಬಾ ಬೇಜಾರಾಯ್ತು."

ಮೇಡಂ ಸ್ವಲ್ಪ ಹೊತ್ತು ಅವಳನ್ನೇ ನೋಡಿದರು, ಮೊದಲು ಕನ್ನಡಕದ ಮೇಲಿನಿಂದ, ಆಮೇಲೆ ಅದರೊಳಗಿನಿಂದ. ಹಾಲಿನಲ್ಲಿ, ಅಷ್ಟು ಜನರೆದುರು, ಅವರ ಮುಖ ಇಷ್ಟು ಸಪ್ಪಗಾಗಿರಲಿಲ್ಲ.

"ಆಗ್ಬೇಕಿತ್ತು ಮರಿ" ಎಂದರು. "ಅಷ್ಟು ದೊಡ್ಡ ನಿಜ ಕಂಡೂ ಖುಷಿಯಾಗಲಿಲ್ಲ ಅಂದ್ರೆ, ನಾನು ನಿಂಗೆ ಏನು ಕಲಿಸಿದ ಹಾಗಾಯ್ತು?"

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಸಿಗ್ನಲ್ ಯಾವಾಗಲೋ ಹಸಿರಾಗಿತ್ತು. ಅವಳು ಗೇರ್ ಹಾಕಿದಳು. ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು, ಮತ್ತೆ ಗುನುಗಲಿಲ್ಲ.